ಅವ್ವನ ಹಾಡಿನ ತಟ್ಟೆ

ನಮ್ಮ ಮಹಾಲಿಂಗಪುರವು ಬೆಲ್ಲದ ಪೇಟೆಗೂ ಮಗ್ಗದ ಸಪ್ಪಳಕ್ಕೂ ಹೆಸರಾದ ಊರು. ಇಲ್ಲಿ ಮದುವೆಯೆಂದರೆ ಅಡಿಗೆಯವರಿಗಿಂತ ಮೊದಲು ಹಾಡುವವರನ್ನು ನೆನೆಯುವ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ನನ್ನ ಸೋದರತ್ತೆಯವರು ಅಂಥವರಲ್ಲಿ ಒಬ್ಬರು. ೨೦೨೫ನೆಯ ಇಸವಿಯ ಮಾಘಮಾಸದಲ್ಲಿ ನನ್ನ ಮಗಳ ಮದುವೆಯು ಗೊತ್ತಾಗಿ, ವೈಶಾಖದಲ್ಲಿ ಲಗ್ನವೆಂದು ನಿಶ್ಚಯವಾದ ದಿವಸವೇ ಅವರು ನಮ್ಮ ಪಡಸಾಲೆಗೆ ಬಂದು ಕುಳಿತರು. “ನಿಮ್ಮವ್ವನ ಅರಿಷಿಣದ ಹಾಡು ಎಲ್ಲಿ ಅದಾವು? ನಿನ್ನ ತಮ್ಮ ಬರದು ಇಟ್ಟಿದ್ದನಲ್ಲ, ತಗಿ” ಎಂದು ಕೇಳಿದರು. ನಾನು ನಿರುತ್ತರನಾದೆನು. ಹಾಡುಗಳು ನಮ್ಮ ಮನೆಯಲ್ಲಿಯೇ ಇದ್ದವು; ಆದರೆ ಅವುಗಳನ್ನು ಓದುವ ಉಪಾಯವು ನಮ್ಮ ಮನೆಯಲ್ಲಿರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅವ್ವನಿಗೆ ಅಕ್ಷರಜ್ಞಾನವಿರಲಿಲ್ಲ. ಬೀಸುವ ಪದ, ಕುಟ್ಟುವ ಪದ, ಅರಿಷಿಣದ ಹಾಡು, ತೊಟ್ಟಿಲ ಹಾಡು ಇವೆಲ್ಲ ಅವಳಿಗೆ ಬಾಯಿಪಾಠ. ನನ್ನ ತಮ್ಮನು ಪೇಟೆಯಲ್ಲಿ ಲಗ್ನಪತ್ರಿಕೆಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ಅಚ್ಚುಹಾಕಿ ಕೊಡುವ ಒಂದು ಸಣ್ಣ ಅಂಗಡಿಯನ್ನು ಇಟ್ಟಿದ್ದನು. ೨೦೦೪ನೆಯ ಇಸವಿಯ ಚಳಿಗಾಲದಲ್ಲಿ ಅವನು ಆ ಯಂತ್ರವನ್ನು ಮನೆಗೆ ತಂದು, ರಾತ್ರಿ ಊಟವಾದ ಬಳಿಕ ಅವ್ವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಹಾಡುಗಳನ್ನು ಬರೆದುಕೊಳ್ಳತೊಡಗಿದನು. ಮೊದಲ ದಿನ ಅವಳಿಗೆ ಒಂದು ಪದವೂ ನೆನಪಾಗಲಿಲ್ಲ. “ಕೈಯಾಗ ಗೂಟ ಇಲ್ಲದ ಹಾಡು ಹ್ಯಾಂಗ ಬರತಾವಪಾ?” ಎಂದಳು. ಮರುದಿನ ತಮ್ಮನು ಬೀಸುವ ಕಲ್ಲನ್ನು ಅವಳ ಮುಂದೆ ಹಾಕಿದನು. ಕಾಳಿಲ್ಲದ ಬರಿಯ ಕಲ್ಲನ್ನು ಮೆಲ್ಲಗೆ ತಿರುಗಿಸುತ್ತ ಅವಳು ಹಾಡಿದಳು, ಇವನು ಬೆರಳಚ್ಚು ಮಾಡಿದನು. ಸುಮಾರು ಒಂದು ತಿಂಗಳು ನಮ್ಮ ಮನೆಯಲ್ಲಿ ಹೀಗೆ ಹಿಟ್ಟಿಲ್ಲದ ಬೀಸುವಿಕೆ ನಡೆಯಿತು. ಅವ್ವ ೨೦೦೯ರಲ್ಲಿ ತೀರಿಕೊಂಡಳು. ತಮ್ಮನು ೨೦೧೨ರಲ್ಲಿ, ಅಕಾಲದಲ್ಲಿ, ಹೊರಟುಹೋದನು. ಅಂಗಡಿಯ ಯಂತ್ರವು ಮೋಡಕಾದವರ ಗಾಡಿಯನ್ನೇರಿತು. ಉಳಿದದ್ದು ತಗಡಿನ ಟ್ರಂಕಿನಲ್ಲಿ, ಒಂದು ಲಗ್ನಪತ್ರಿಕೆಯ ಲಕೋಟೆಯೊಳಗೆ ಇದ್ದ ಒಂದೇ ಒಂದು ಸೀಡಿ ತಟ್ಟೆ. ಅದರ ಮುಖದ ಮೇಲೆ ಅವನು ಬಾಲ್ ಪೆನ್ನಿನಿಂದ “ಅವ್ವನ ಹಾಡು” ಎಂದು ಬರೆದಿದ್ದನು.

ನಮ್ಮ ವಿಜಾಪುರದ ಕಡೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ೧೯೩೧ರಲ್ಲಿ ಅಚ್ಚುಹಾಕಿಸಿದರು. ಅದರ ಹಳೆಯ ಪ್ರತಿಯೊಂದು ಸಿಕ್ಕರೆ, ಅಕ್ಷರ ಬಲ್ಲ ಯಾರಾದರೂ ಕಿಟಕಿಯ ಬೆಳಕಿನಲ್ಲಿ ಹಿಡಿದು ಇಂದಿಗೂ ಓದಬಹುದು. ನನ್ನ ತಮ್ಮನ ತಟ್ಟೆಗೆ ಇಪ್ಪತ್ತೊಂದು ವರುಷ, ಅದಾಗಲೇ ಮೂಕವಾಗಿತ್ತು!

ನನ್ನಲ್ಲಿರುವ ಮಡಿಕೆಯ ಗಣಕಕ್ಕೆ, ಅಂದರೆ ಲ್ಯಾಪ್‌ಟಾಪಿಗೆ, ತಟ್ಟೆಯನ್ನು ಹಾಕುವ ಬಾಯಿಯೇ ಇಲ್ಲ. ಈಗಿನವುಗಳಲ್ಲಿ ಬಹುತೇಕ ಎಲ್ಲವೂ ಹಾಗೆಯೇ. ಆದುದರಿಂದ ಹೊರಗಿನಿಂದ ತಂತಿಯ ಮೂಲಕ ಜೋಡಿಸುವ ಡ್ರೈವೊಂದನ್ನು ತರಿಸಿದೆನು. ತಟ್ಟೆಯನ್ನು ಇಟ್ಟೊಡನೆ ಅದು ಗಿರ್‍ರೆಂದು ತಿರುಗಿ, ಟಕ್ಕೆಂದು ಸದ್ದು ಮಾಡಿ, ಸುಮ್ಮನಾಯಿತು. ಮತ್ತೆ ತಿರುಗಿತು, ಮತ್ತೆ ಸುಮ್ಮನಾಯಿತು. ತಟ್ಟೆಯು ಕೆಟ್ಟಿತೆಂದು ನಾನು ನಿಟ್ಟುಸಿರು ಬಿಟ್ಟೆನು. ಆದರೆ ಕೆಟ್ಟದ್ದು ತಟ್ಟೆಯಲ್ಲ. ತಟ್ಟೆ ತಿರುಗಲು ಮೊದಲ ಕ್ಷಣದಲ್ಲಿ ಹೆಚ್ಚು ವಿದ್ಯುತ್ತು ಬೇಕಾಗುವದು; ನಾನು ನಡುವೆ ನಾಲ್ಕು ಕವಲಿನ ಅಗ್ಗದ ಜೋಡಣೆಯೊಂದನ್ನು ಇಟ್ಟು, ಅದರಲ್ಲಿಯೇ ಮೌಸನ್ನೂ ಪೆನ್‌ಡ್ರೈವನ್ನೂ ಸಿಕ್ಕಿಸಿದ್ದೆನು. ಡ್ರೈವಿನ ತಂತಿಯನ್ನು ನೇರವಾಗಿ ಗಣಕಕ್ಕೇ ಜೋಡಿಸಿದಾಗ ಅದು ಸಮಾಧಾನದಿಂದ ತಿರುಗಿ, ಕಡತಗಳ ಹೆಸರುಗಳನ್ನು ತೋರಿಸಿತು. ಒಟ್ಟು ನಾಲ್ವತ್ತೊಂದು ಹಾಡು. ಜೊತೆಗೆ ಯಾರದೋ ಮದುವೆಯ ನೂರಾರು ಛಾಯಾಚಿತ್ರಗಳು. ತಟ್ಟೆಯಲ್ಲಿ ಜಾಗ ಉಳಿಯಿತೆಂದು ತುಂಬಿದ್ದನೋ ಏನೋ, ಅವನು ಯಾವದನ್ನೂ ಹಾಳುಮಾಡುವವನಲ್ಲ.

ಒಂದು ಹಾಡಿನ ಕಡತವನ್ನು ತೆರೆದೆನು. ಪರದೆಯ ಮೇಲೆ ಮೂಡಿದ್ದು ಇಂಗ್ಲಿಷ್ ಅಕ್ಷರ, ಚುಕ್ಕೆ, ಆವರಣಚಿಹ್ನೆಗಳ ಒಂದು ಕಸದ ರಾಶಿ. ಇದಕ್ಕೆ ಕಾರಣವು ಹೀಗಿದೆ. ಆ ಕಾಲದ ಅನೇಕ ಕನ್ನಡ ಬರೆಹದ ಕಾರ್ಯಕ್ರಮಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಹೊದಿಸುತ್ತಿದ್ದವು. ತಲಕಟ್ಟು ಒಂದು ಸಂಖ್ಯೆ, ಒತ್ತಕ್ಷರ ಇನ್ನೊಂದು. ತಕ್ಕ ಫಾಂಟೆಂಬ ಅಂಗಿಯನ್ನು ತೊಡಿಸಿದರೆ ಕನ್ನಡ. ಅಂಗಿಯನ್ನು ತೆಗೆದರೆ ಕಸ. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡು ೧೯೯೧ರಲ್ಲಿಯೇ ಕನ್ನಡಕ್ಕೆ ಅದರದೇ ಆದ ಸಂಖ್ಯೆಗಳನ್ನು ಕೊಟ್ಟಿದ್ದಿತು. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಹಳೆಯ ಪದ್ಧತಿಯೇ ಬಹುಕಾಲ ನಡೆಯಿತು. ತಮ್ಮನು ಬಳಸಿದ ಕಾರ್ಯಕ್ರಮವೋ ಇನ್ನೂ ಹಳೆಯದು. ಅವನು ಜಾಣತನದಿಂದ ಆ ಕಾರ್ಯಕ್ರಮವನ್ನು ಕೂಡ ಅದೇ ತಟ್ಟೆಯ ಮೇಲೆ ಇಟ್ಟಿದ್ದನು. ನಾನು ಅದನ್ನು ನಡೆಸಲು ಹೋದರೆ ನನ್ನ ಹೊಸ ಗಣಕವು ಒಪ್ಪಲಿಲ್ಲ. ಅದು ಹದಿನಾರು ಬಿಟ್ಟುಗಳ ಕಾಲದ್ದು. ಇಂದಿನ ಅರುವತ್ತನಾಲ್ಕು ಬಿಟ್ಟುಗಳ ವಿಂಡೋಸು ಅಂಥ ಕಾರ್ಯಕ್ರಮವನ್ನು ಹೊಸ್ತಿಲೊಳಗೆ ಬಿಡುವದಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆನು. ಅವನು ನಕ್ಕು, “ಮಾಮಾ, ಹಳೇ ಗಣಕ ಹುಡುಕಬ್ಯಾಡ್ರಿ. ನಿಮ್ಮ ಗಣಕದಾಗ ಇನ್ನೊಂದು ಗಣಕ ಮಾಡೂಣು” ಎಂದನು.

ಇದನ್ನು ತಂತ್ರಜ್ಞರು ‘ವರ್ಚುವಲ್ ಮಶೀನ್’ ಎಂದು ಕರೆಯುವರು. ನಾನು ಇಲ್ಲಿ ಮಾಯಾಗಣಕವೆನ್ನುವೆನು. ಇದು ಹೊಸ ಯುಕ್ತಿಯಲ್ಲ. ಅಮೇರಿಕೆಯ ಐಬಿಎಂ ಸಂಸ್ಥೆಯವರು ೧೯೬೦ರ ದಶಕದಲ್ಲಿಯೇ, ಒಂದು ಕೋಣೆಯನ್ನು ತುಂಬುವಂಥ ಒಂದೇ ಯಂತ್ರವು ಹಲವರಿಗೆ ಹಲವು ಯಂತ್ರಗಳಂತೆ ತೋರುವ ಹಾಗೆ ಮಾಡಿದ್ದರು. ೧೯೭೨ರಲ್ಲಿ ಅದನ್ನು ಮಾರಾಟದ ಸರಕಾಗಿಯೂ ಹೊರಡಿಸಿದರು. ಮನೆಯ ಗಣಕಗಳಿಗೆ ಈ ವಿದ್ಯೆಯನ್ನು ವಿಎಂವೇರ್ ಎಂಬವರು ೧೯೯೯ರಲ್ಲಿ ತಂದರು. ಬೆಲೆಯಿಲ್ಲದೆ ದೊರೆಯುವ ವರ್ಚುವಲ್‌ಬಾಕ್ಸ್ ಎಂಬದು ೨೦೦೭ರಲ್ಲಿ ಬಂದಿತು. ನಿಜವಾದ ಗಣಕದ ನೆನಪಿನಲ್ಲಿ ಒಂದು ಪಾಲು, ಸಂಗ್ರಹದಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ, ಅದರೊಳಗೆ ಇನ್ನೊಂದು ಗಣಕವು ಇದ್ದಂತೆ ನಡೆದುಕೊಳ್ಳುವದು. ಆ ಒಳಗಿನ ಗಣಕಕ್ಕೆ ತಾನು ಒಳಗಿದ್ದೇನೆಂಬ ಅರಿವೇ ಇರುವದಿಲ್ಲ. ಹೊರಗಿನದಕ್ಕೆ ಆತಿಥೇಯನೆಂದೂ ಒಳಗಿನದಕ್ಕೆ ಅತಿಥಿಯೆಂದೂ ತಂತ್ರಜ್ಞರೇ ಹೆಸರಿಟ್ಟಿದ್ದಾರೆ. ಗೃಹಸ್ಥನಾದ ನನಗೆ ಈ ಹೆಸರುಗಳು ಬಹಳ ಹಿಡಿಸಿದವು. ಮುಂದೆ ನನ್ನನ್ನು ಕಾಪಾಡಿದ್ದೂ ಇವೇ.

ಸೋದರಳಿಯನು ಯುಗಾದಿಗೆ ಊರಿಗೆ ಬಂದಾಗ ನನ್ನ ಗಣಕದಲ್ಲಿ ೨೦೦೧ರ ಕಾಲದ ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಯನ್ನು ಅತಿಥಿಯಾಗಿ ಕುಳ್ಳಿರಿಸಿ ಹೋದನು. ಅದಕ್ಕೆ ಅಂತರ್ಜಾಲದ ಸಂಬಂಧವನ್ನು ಕತ್ತರಿಸಿಯೇ ಇಟ್ಟನು. ಆ ವ್ಯವಸ್ಥೆಯ ರಕ್ಷಣೆಯ ಹೊಣೆಯನ್ನು ತಯಾರಕರು ೨೦೧೪ರಲ್ಲಿಯೇ ಇಳಿಸಿರುವದರಿಂದ ಅದನ್ನು ಪೇಟೆಯ ಬೀದಿಗೆ ಬಿಡಬಾರದಂತೆ. ಅವನು ರಾತ್ರಿಯ ಬಸ್ಸಿಗೆ ಹೋದನು. ಮರುದಿನ ನಾನೊಬ್ಬನೇ ತಟ್ಟೆಯನ್ನು ಹಾಕಿದೆನು.

ವಾಚಕರು ನಗಬಾರದು. ಅತಿಥಿಯ ಪರದೆಯಲ್ಲಿ ತಟ್ಟೆಯ ಚಿತ್ರವನ್ನು ಒತ್ತಿದಾಗ ತಮ್ಮನ ಕಡತಗಳ ಬದಲು ಎಕ್ಸ್‌ಪಿಯ ಸ್ಥಾಪನೆಯ ಕಡತಗಳು ಕಂಡವು. ತಟ್ಟೆಯನ್ನು ತೆಗೆದು, ಒರೆಸಿ, ಮತ್ತೆ ಹಾಕಿದೆನು. ಅದೇ. ಮೂರನೆಯ ಸಲವೂ ಅದೇ. ನನ್ನ ಎದೆ ಧಸಕ್ಕೆಂದಿತು. ಆ ಹುಡುಗನು ತಿಳಿಯದೆ ಅವ್ವನ ತಟ್ಟೆಯ ಮೇಲೆಯೇ ಬೇರೆ ಏನನ್ನೋ ಬರೆದುಬಿಟ್ಟನೇ? ಹೆಂಡತಿಯ ಮುಂದೆ ಅವನನ್ನು ಬಾಯಿಗೆ ಬಂದಂತೆ ಅಂದೆನು. ಅವಳು ಮಾತ್ರ, “ತಟ್ಟಿ ತಗದು ನೋಡ್ರಿ, ಆಗೂ ಅದ ಕಾಣತೈತೇನು?” ಎಂದಳು. ತಟ್ಟೆಯನ್ನು ತೆಗೆದು ಡ್ರೈವನ್ನು ಬರಿದು ಮಾಡಿದೆನು. ಆಗಲೂ ಅದೇ ಕಡತಗಳು! ಬರಿಯ ಬಾಯಿಯಲ್ಲಿ ಅನ್ನವು ಕಾಣುವದೆಂತು? ನಲವತ್ತು ವರುಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ.

ಫೋನಿನಲ್ಲಿ ಸೋದರಳಿಯನು ಬಿಡಿಸಿ ಹೇಳಿದನು. ಅತಿಥಿಯ ಡ್ರೈವು ನನ್ನ ಮೇಜಿನ ಮೇಲಿನ ಡ್ರೈವಲ್ಲ. ಅದೂ ಒಂದು ಮಾಯೆ. ಆ ಮಾಯಾಡ್ರೈವಿನೊಳಗೆ ಮೂರು ಸ್ಥಿತಿಗಳಲ್ಲಿ ಒಂದು ಇರಬಹುದು: ಅದು ಬರಿದಾಗಿರಬಹುದು, ಆತಿಥೇಯನ ನಿಜವಾದ ಡ್ರೈವಿಗೆ ಜೋಡಣೆಯಾಗಿರಬಹುದು, ಇಲ್ಲವೆ ತಟ್ಟೆಯೊಂದರ ಪ್ರತಿಬಿಂಬವು, ಅಂದರೆ ತಟ್ಟೆಯ ಮೇಲಿನದೆಲ್ಲವನ್ನೂ ಇದ್ದಕ್ಕಿದ್ದಂತೆ ನಕಲಿಳಿಸಿದ ಒಂದೇ ದೊಡ್ಡ ಕಡತವು, ಅದರಲ್ಲಿ ಕುಳಿತಿರಬಹುದು. ಅವನು ಎಕ್ಸ್‌ಪಿಯನ್ನು ಅಂಥ ಪ್ರತಿಬಿಂಬದಿಂದಲೇ ಸ್ಥಾಪಿಸಿ, ತೆಗೆಯುವದನ್ನು ಮರೆತು ಹೋಗಿದ್ದನು. “ಮೊದಲಿನ ಪಂಕ್ತಿಯ ಎಲೀ ಇನ್ನೂ ಎತ್ತಿಲ್ಲ ಮಾಮಾ, ಅದರ ಮ್ಯಾಲ ಹ್ಯಾಂಗ ಬಡಸತೀರಿ?” ಎಂದನು. ನಾನು ಬೈದುದನ್ನು ಅವನಿಗೆ ಹೇಳಲಿಲ್ಲ.

ಪಟ್ಟಿಯಲ್ಲಿ ಹುಡುಕಿ ಪ್ರತಿಬಿಂಬವನ್ನು ತೆಗೆದೆನು. ಇನ್ನು ನಿಜವಾದ ಡ್ರೈವನ್ನು ಆರಿಸುವದಷ್ಟೇ ಉಳಿದಿತ್ತು. ಆದರೆ ನಾನು ಆತುರದಲ್ಲಿ, ಬೇರೊಂದು ಪಟ್ಟಿಯಲ್ಲಿ, ಹೊರಗಿನ ತಂತಿಯ ಸಾಧನಗಳನ್ನೆಲ್ಲ ತೋರಿಸುವ ಕಡೆಗೆ ಹೋಗಿ, ಅಲ್ಲಿ ಡ್ರೈವಿನ ಹೆಸರಿನ ಮುಂದೆ ಗುರುತು ಹಾಕಿದೆನು. ಕೂಡಲೆ ಡ್ರೈವು ನನ್ನ ಗಣಕದಿಂದಲೇ ಮಾಯವಾಯಿತು! ಒಳಗೂ ನೆಟ್ಟಗೆ ಕಾಣಲೊಲ್ಲದು. ಇದು ನನ್ನದೇ ತಪ್ಪು. ತಂತಿಯ ಸಾಧನವನ್ನು ಹಾಗೆ ಒಪ್ಪಿಸಿದರೆ ಆತಿಥೇಯನು ಅದನ್ನು ಸಂಪೂರ್ಣವಾಗಿ ಬಿಟ್ಟುಕೊಡಬೇಕಾಗುವದು. ಒಂದೇ ಸಾಧನವನ್ನು ಇಬ್ಬರೂ ಹಿಡಿಯಲಾರರು. ತಟ್ಟೆಯ ಡ್ರೈವಿಗೆ ಈ ದಾರಿಯು ಬೇಕಿಲ್ಲ. ಡ್ರೈವು ಆತಿಥೇಯನ ಕೈಯಲ್ಲಿಯೇ ಇರಬೇಕು. ಅವನು ಅದರಿಂದ ಬಡಿಸಬೇಕು. ಗುರುತನ್ನು ಅಳಿಸಿ, ತಂತಿಯನ್ನು ಕಿತ್ತು ಮತ್ತೆ ಜೋಡಿಸಿದ ಮೇಲೆ ಅದು ತಿರುಗಿ ಮನೆಗೆ ಬಂದಿತು.

ಅಷ್ಟರಲ್ಲಿ ನನ್ನ ಬುದ್ಧಿಯು ಇನ್ನೊಂದು ಸಾಹಸಕ್ಕೆ ಕೈಹಾಕಿತ್ತು. ಹಳೆಯ ಮಾಯಾಡ್ರೈವಿನ ಮೇಲೆಯೇ ಸಂಶಯಪಟ್ಟು ಅದನ್ನು ಕಿತ್ತುಹಾಕಿ, ಹೊಸತೊಂದನ್ನು ಸೇರಿಸಿದ್ದೆನು. ಸೇರಿಸುವಾಗ ಎರಡು ನಿಯಂತ್ರಕಗಳು ಕಂಡವು: ಒಂದು ಐಡಿಇ, ಇನ್ನೊಂದು ಸಾಟಾ. ಸಾಟಾ ಹೊಸತೆಂದು ಓದಿದ್ದೆನು. ಹೊಸದೇ ಲೇಸೆಂದು ಅದಕ್ಕೇ ಜೋಡಿಸಿದೆನು. ಎಕ್ಸ್‌ಪಿಯ ಕಾಲಕ್ಕೆ ಆ ಹೊಸ ದಾರಿಯು ರೂಢಿಯಾಗಿರಲಿಲ್ಲ. ಅದಕ್ಕೆ ತಕ್ಕ ಚಾಲಕವನ್ನು ಬೇರೆ ಒದಗಿಸದಿದ್ದರೆ ಆ ಕಡೆಯಿಂದ ಬಂದದ್ದು ಅದರ ಕಣ್ಣಿಗೆ ಬೀಳುವದಿಲ್ಲ. ಹಿತ್ತಿಲ ಬಾಗಿಲನ್ನೇ ಅರಿಯದ ನೆಂಟನಿಗೆ ಹಿತ್ತಿಲಿನಿಂದ ಊಟ ಕಳಿಸಿದಂತಾಯಿತು. ಡ್ರೈವನ್ನು ಐಡಿಇಗೆ ಮರಳಿ ಜೋಡಿಸೋಣವೆಂದರೆ ಗುಂಡಿಗಳೆಲ್ಲ ಮಸುಕಾಗಿದ್ದವು. ಮಧ್ಯಾಹ್ನ ವಿದ್ಯುತ್ತು ಹೋಗುವ ಸೂಚನೆಯಿದ್ದುದರಿಂದ ನಾನು ಅತಿಥಿಯನ್ನು ಇದ್ದ ಸ್ಥಿತಿಯಲ್ಲಿಯೇ ಕಾಯ್ದಿರಿಸಿ ಮುಚ್ಚಿದ್ದೆನು. ಅದು ಮಲಗಿದ ಅತಿಥಿಯೇ ಹೊರತು ಎದ್ದುಹೋದ ಅತಿಥಿಯಲ್ಲ. ಮಲಗಿರುವಾಗ ಮನೆಯ ಗೋಡೆಗಳನ್ನು ಬದಲಿಸಲು ಕಾರ್ಯಕ್ರಮವು ಒಪ್ಪುವದಿಲ್ಲ. ಎಬ್ಬಿಸಿ, ವ್ಯವಸ್ಥಿತವಾಗಿ ನಿಲ್ಲಿಸಿ, ಆಮೇಲೆ ಬದಲಿಸಬೇಕು. ಹಾಗೆ ಮಾಡಿದೆನು. ಮತ್ತೆ ಹೊತ್ತಿಸಿ ತಟ್ಟೆಯ ಚಿತ್ರವನ್ನು ಒತ್ತಿದಾಗ, ಅತಿಥಿಯ ಪರದೆಯಲ್ಲಿ ನಾಲ್ವತ್ತೊಂದು ಹೆಸರುಗಳು ಸಾಲಾಗಿ ನಿಂತವು. ನಮ್ಮ ಓಣಿಯ ಮಗ್ಗಗಳು ಆಗ ಖಟಖಟಿಸುತ್ತಿದ್ದವು. ಅವೂ ನಿಂತು ನೋಡಿದಂತೆ ನನಗೆನಿಸಿತು. ವಿದ್ಯುತ್ತು ಹೋಗಿತ್ತು, ಅಷ್ಟೇ. ಗಣಕದ ಬ್ಯಾಟರಿಯು ನನ್ನ ಮಾನ ಕಾಯಿತು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಹನ್ನೆರಡು ಹಾಡುಗಳನ್ನು ನಕಲಿಳಿಸುವಷ್ಟರಲ್ಲಿ ಯಂತ್ರವು ತಡವರಿಸಿ, ಓದಲಾಗದೆಂಬ ದೋಷವನ್ನು ಸಾರಿತು. ಈ ಸಲ ನಾನು ಮಾಯಾಗಣಕದ ಪಟ್ಟಿಗಳಿಗೆ ಕೈಹಾಕಲಿಲ್ಲ. ಮೊದಲು ಆತಿಥೇಯನಲ್ಲಿಯೇ ಅದೇ ಕಡತವನ್ನು ನಕಲಿಳಿಸಿ ನೋಡಿದೆನು. ಅಲ್ಲಿಯೂ ಅದೇ ತಡವರಿಕೆ. ಅಂದ ಮೇಲೆ ದೋಷವು ನಿಜವಾಗಿ ತಟ್ಟೆಯದು, ಇಲ್ಲವೆ ಡ್ರೈವಿನದು, ಒಳಗಿನವನದಲ್ಲ. ಎರಡು ದಿನಗಳ ಪೇಚಾಟದಿಂದ ನಾನು ಸಂಪಾದಿಸಿದ ಒಂದೇ ವಿವೇಕವೆಂದರೆ ಈ ಕ್ರಮ: ಹೊರಗೆ ಕಾಣುವದೇ ಎಂದು ಮೊದಲು ನೋಡಬೇಕು, ಒಳಗೆ ಏಕೆ ಕಾಣದೆಂದು ಆಮೇಲೆ ಕೇಳಬೇಕು. ಇದನ್ನು ಬಿಟ್ಟು ನಾನು ಎರಡು ದಿವಸ ಒಳಗಿನವನ ಮೈಯನ್ನೆಲ್ಲ ತಡಕಾಡಿದ್ದೆನು.

ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಸೀಡಿಯ ಮೇಲಿನ ಬರೆಹವು ಒಳಗಿನ ಸುತ್ತಿನಿಂದ ಹೊರಕ್ಕೆ ಸಾಗುವ ಒಂದೇ ಸುರುಳಿ. ಅದನ್ನು ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಮಿಗಿಲಾದೀತು. ಹೊಳೆಯುವ ಕೆಳಮೈಯೇ ನಾಜೂಕಿನದೆಂದು ನಾವು ಭಾವಿಸುವೆವು. ನಿಜವಾಗಿ ನಾಜೂಕಿನದು ಹೆಸರು ಬರೆಯುವ ಮೇಲ್ಮೈ. ಪ್ರತಿಫಲಿಸುವ ತೆಳ್ಳನೆಯ ಲೇಪವು ಅದರ ಅಡಿಯಲ್ಲಿಯೇ ಇರುವದು, ನಡುವೆ ಇರುವದು ತೀರ ತೆಳುವಾದ ಅರಗಿನ ಪದರ. ತಮ್ಮನು ಬಾಲ್ ಪೆನ್ನನ್ನು ಒತ್ತಿ ಬರೆದಿದ್ದನು. ‘ಅವ್ವನ’ ಎಂಬ ಪದದ ಕೊನೆಯಲ್ಲಿ, ನಡುವಿನ ರಂಧ್ರದ ಹತ್ತಿರ, ಸೂಜಿಯ ಮೊನೆಯಷ್ಟು ಬೆಳಕು ತೂರಿ ಬರುತ್ತಿತ್ತು. ಪ್ರೀತಿಯಿಂದ ಬರೆದ ಹೆಸರೇ ಹಾಡಿಗೆ ತೂತು ಹಾಕಿದ್ದಿತು. ನಾನು ಸ್ವಲ್ಪ ಹೊತ್ತು ತಟ್ಟೆಯನ್ನು ಕೆಳಗೆ ಇಡಲಿಲ್ಲ.

ಮೆದು ಬಟ್ಟೆಯಿಂದ ಕೆಳಮೈಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು. ಸುತ್ತಲೂ ಒರೆಸಿದರೆ ಗೀರು ಸುರುಳಿಯ ಜಾಡಿನಲ್ಲಿಯೇ ಬಿದ್ದು ಹೆಚ್ಚು ಕೆಡುಕಾಗುವದು. ಆಮೇಲೆ ಸೋದರಳಿಯನು ಹೇಳಿದಂತೆ, ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಪ್ರಯತ್ನಿಸುವ ಒಂದು ಕಾರ್ಯಕ್ರಮದಿಂದ ಇಡೀ ತಟ್ಟೆಯ ಪ್ರತಿಬಿಂಬವನ್ನು ಆತಿಥೇಯನಲ್ಲಿ ತೆಗೆದೆನು. ಒಂದು ರಾತ್ರಿ ಹಿಡಿಯಿತು. ಬೆಳಗಾದ ಮೇಲೆ ಆ ಪ್ರತಿಬಿಂಬವನ್ನೇ ಅತಿಥಿಯ ಡ್ರೈವಿನಲ್ಲಿ ಕುಳ್ಳಿರಿಸಿದೆನು. ಮೊದಲು ನನ್ನನ್ನು ಅಂಜಿಸಿದ್ದ ಪ್ರತಿಬಿಂಬವೇ ಈಗ ಆಸರೆಯಾಯಿತು: ಎಷ್ಟು ಸಲ ಓದಿದರೂ ಮುದಿ ತಟ್ಟೆಯು ಸವೆಯುವ ಚಿಂತೆಯಿಲ್ಲ, ತಂತಿಯ ಕಾಟವಿಲ್ಲ.

ತಮ್ಮನ ಹಳೆಯ ಕಾರ್ಯಕ್ರಮವು ಅತಿಥಿಯಲ್ಲಿ ತಕರಾರಿಲ್ಲದೆ ಸ್ಥಾಪನೆಯಾಯಿತು. ಮೊದಲ ಹಾಡನ್ನು ತೆರೆದಾಗ ದುಂಡು ದುಂಡಾದ ಆ ಕಾಲದ ಲಗ್ನಪತ್ರಿಕೆಯ ಅಕ್ಷರಗಳಲ್ಲಿ ಅವ್ವನ ಮಾತು ಬಂದು ನಿಂತಿತು. ತಮ್ಮನು ಅವಳ ಉಚ್ಚಾರವನ್ನು ತಿದ್ದದೆ ಹಾಗೆಯೇ ಬರೆದಿದ್ದನು. ಕೆಲವು ಕಡೆ ಹಾಡಿನ ನಡುವೆ, “ಇಲ್ಲಿ ಅವ್ವ ನೀರು ಕುಡಿದಳು”, “ಇಲ್ಲಿ ಅಳು ಬಂತು, ನಾಳೆ” ಎಂದೂ ಬರೆದಿದ್ದನು. ಹಳೆಯ ಅಕ್ಷರವನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳಿವೆ. ಅದನ್ನು ಸಾವಕಾಶವಾಗಿ ಮಾಡಿಸಬೇಕೆಂದಿದ್ದೇನೆ. ಆದರೆ ಮಗಳು ಅಷ್ಟು ಕಾಯಲಿಲ್ಲ. ಎರಡು ನೂರು ಪುಟದ ನೋಟುಬುಕ್ಕನ್ನು ತಂದು, ಪರದೆಯ ಮುಂದೆ ಕುಳಿತು, ಮೂರು ಸಂಜೆಗಳಲ್ಲಿ ಎಲ್ಲವನ್ನೂ ಕೈಯಿಂದ ಇಳಿಸಿಕೊಂಡಳು.

ಎಲ್ಲವನ್ನೂ ಎಂದೆನಷ್ಟೆ; ನಾಲ್ವತ್ತೊಂದರಲ್ಲಿ ಮೂವತ್ತೊಂಬತ್ತು. ಪೆನ್ನಿನ ಮೊನೆ ತಗಲಿದಲ್ಲಿದ್ದ ಎರಡು ಕಡತಗಳು ತೆರೆಯಲೇ ಇಲ್ಲ. ಅವುಗಳ ಹೆಸರುಗಳನ್ನು ಓದಿ ಹೇಳಿದಾಗ ಸೋದರತ್ತೆಯವರು ಒಂದನ್ನು ಗುರುತಿಸಿ, ಕಣ್ಣು ಮುಚ್ಚಿ, ಬಲಗೈಯನ್ನು ಮೊಣಕಾಲಿನ ಮೇಲೆ ದುಂಡಗೆ ಆಡಿಸುತ್ತ ಹಾಡಿ ಮುಗಿಸಿದರು. ಅದನ್ನೂ ಮಗಳು ಬರೆದುಕೊಂಡಳು. ಇನ್ನೊಂದು ಅವರಿಗೂ ತಿಳಿಯದು. ಆ ಹಾಡು ಹೋಯಿತು.

ಅರಿಷಿಣದ ದಿನ ನೋಟುಬುಕ್ಕು ಹೆಂಗಸರ ಕೈಯಿಂದ ಕೈಗೆ ದಾಟಿ ಅಂಚೆಲ್ಲ ಹಳದಿಯಾಯಿತು. ಅತ್ತೆಯವರು ಹಾಡುತ್ತ ಹಾಡುತ್ತ ಒಂದು ಕಡೆಗೆ ನಿಂತು, “ಇಲ್ಲೊಂದು ಸಾಲು ತಪ್ಪೈತಿ” ಎಂದರು. ಅದು ತಮ್ಮನು ಒತ್ತುವಾಗ ಆದ ತಪ್ಪೋ, ಅವ್ವನೇ ಹಾಗೆ ಹಾಡುತ್ತಿದ್ದಳೋ ಹೇಳುವವರು ಈಗ ಯಾರೂ ಇಲ್ಲ. ಅದನ್ನು ತಿದ್ದದೆ ಬಿಟ್ಟಿದ್ದೇವೆ.